ಗಾಳಿ ತಗ್ಗಿದ ಮೇಲೆ ಬಂದ ನೀರು

ಬಂಗಾಳ ಕೊಲ್ಲಿಯಲ್ಲಿ ಹುಟ್ಟಿದ ಬಿರುಗಾಳಿ ಆಂಧ್ರದ ಕರಾವಳಿ ದಾಟಿ ಒಳನಾಡಿಗೆ ಕಾಲಿಟ್ಟ ಕೂಡಲೇ ಹವಾಮಾನ ಇಲಾಖೆಯ ಪ್ರಕಟಣೆಯಲ್ಲಿ ಒಂದು ಕ್ರಿಯಾಪದ ತಪ್ಪದೆ ಕಾಣಿಸಿಕೊಳ್ಳುತ್ತದೆ: 'ದುರ್ಬಲಗೊಂಡಿದೆ'. ಟಿವಿಯವರು ಕಾಕಿನಾಡದ ಕಡಲ ದಂಡೆಯಲ್ಲಿ ನಿಲ್ಲಿಸಿದ್ದ ಕ್ಯಾಮೆರಾ ಮಡಚುತ್ತಾರೆ. ನಾವು ಹೈದರಾಬಾದಿನಲ್ಲಿ ಕೂತವರು, ಸಮುದ್ರ ಎಷ್ಟೋ ದೂರದಲ್ಲಿದೆಯಲ್ಲ ಎಂದು ಮತ್ತೆ ಲ್ಯಾಪ್‌ಟಾಪಿನತ್ತ ತಿರುಗುತ್ತೇವೆ. ಆದರೆ ಈ ಊರಿನ ಇತಿಹಾಸದಲ್ಲಿ ಎದ್ದು ಕಾಣುವ ನೆರೆಗಳಲ್ಲಿ ಹೆಚ್ಚಿನವು ಆ ಕ್ರಿಯಾಪದ ಅಚ್ಚಾದ ಮೇಲೆಯೇ ಬಂದಿವೆ.

ಇದರಲ್ಲಿ ಹವಾಮಾನ ಇಲಾಖೆಯ ತಪ್ಪೇನೂ ಇಲ್ಲ. ನಮ್ಮ ದೇಶದಲ್ಲಿ ಈ ವ್ಯವಸ್ಥೆಗಳಿಗೆ ಹೆಸರಿಡುವುದು ಗಾಳಿಯ ವೇಗ ನೋಡಿ. ಗಂಟೆಗೆ 31ರಿಂದ 49 ಕಿ.ಮೀ. ಇದ್ದರೆ ವಾಯುಭಾರ ಕುಸಿತ, 50ರಿಂದ 61 ಇದ್ದರೆ ತೀವ್ರ ವಾಯುಭಾರ ಕುಸಿತ, 62 ಮುಟ್ಟಿದರೆ ಚಂಡಮಾರುತ. ಈ ಪಟ್ಟಿಯಲ್ಲಿ ಮಳೆಗೆ ಅಂಕಣವೇ ಇಲ್ಲ. ನೆಲದ ಮೇಲೆ ಬಂದ ಬಿರುಗಾಳಿಗೆ ಬೆಟ್ಟ, ಮರ, ಕಟ್ಟಡಗಳ ಉಜ್ಜಾಟ ತಗಲುತ್ತದೆ, ಬೆಚ್ಚಗಿನ ಕಡಲಿನ ಇಂಧನ ತಪ್ಪುತ್ತದೆ, ಹಾಗಾಗಿ ಗಾಳಿ ಒಂದೇ ದಿನದಲ್ಲಿ ಕುಗ್ಗುತ್ತದೆ. ಹೊತ್ತು ತಂದ ತೇವಾಂಶ ಅಷ್ಟು ಬೇಗ ಕರಗುವುದಿಲ್ಲ. ಮುಂಗಾರು ಇನ್ನೂ ಪೂರ್ತಿ ಹಿಂದೆ ಸರಿಯದ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಕುಸಿತದ ಕೇಂದ್ರ ದಖ್ಖನ್ನಿನ ಮೇಲೆ ನಿಧಾನಕ್ಕೆ ತೆವಳುತ್ತಿದ್ದರೆ, ಎರಡೂ ಕಡಲುಗಳ ತೇವ ಅದರತ್ತ ಹರಿದು ಬರುತ್ತಲೇ ಇರುತ್ತದೆ. ವೇಗವಾಗಿ ಓಡುವ ಚಂಡಮಾರುತ ಒಂದೂರಿನ ಮೇಲೆ ಕೆಲವು ಗಂಟೆ ಸುರಿದು ಹೋಗುತ್ತದೆ. ಕಾಲೆಳೆಯುವ ಕುಸಿತ ಅಲ್ಲೇ ಬಿಡಾರ ಹೂಡುತ್ತದೆ. ಪ್ರಾಜೆಕ್ಟ್ ಮ್ಯಾನೇಜರುಗಳ ಭಾಷೆಯಲ್ಲಿ ಹೇಳುವುದಾದರೆ, ರಿಸ್ಕ್ ರಿಜಿಸ್ಟರಿನಲ್ಲಿ ಗಾಳಿಯ ಸಾಲನ್ನು 'ಕ್ಲೋಸ್ಡ್' ಮಾಡಿದ್ದೇವೆ, ನೀರಿನ ಸಾಲನ್ನು ಯಾರೂ ಬರೆದೇ ಇಲ್ಲ.

1908ರ ಸೆಪ್ಟೆಂಬರ್ ಕೊನೆಯ ವಾರ ಹೈದರಾಬಾದಿಗೆ ಬಂದದ್ದು ಇಂಥದೇ ಒಂದು ಅತಿಥಿ. ಬಂಗಾಳ ಕೊಲ್ಲಿಯಿಂದ ಹೊರಟ ಕುಸಿತ ದಖ್ಖನ್ನಿನ ಒಳಕ್ಕೆ ಸರಿದು ಮೂಸಿ ನದಿಯ ಜಲಾನಯನದ ಮೇಲೆ ನಿಂತಿತು. ಈಗ ನಮ್ಮ ವಿಮಾನ ನಿಲ್ದಾಣ ಇರುವ ಶಂಷಾಬಾದಿನಲ್ಲಿ 24 ಗಂಟೆಗಳಲ್ಲಿ 12.8 ಅಂಗುಲ, 48 ಗಂಟೆಗಳಲ್ಲಿ 18.9 ಅಂಗುಲ ಮಳೆ ದಾಖಲಾಯಿತು. ಮಿಲಿಮೀಟರಿನಲ್ಲಿ ಹೇಳಿದರೆ ಸುಮಾರು 325 ಮತ್ತು 480. ಇಡೀ ವರ್ಷದಲ್ಲಿ ಎಂಟುನೂರು ಮಿಲಿಮೀಟರ್ ಆಸುಪಾಸು ಮಳೆ ಕಾಣುವ ಸೀಮೆ ಇದು.

ಸೆಪ್ಟೆಂಬರ್ 28ರ ನಸುಕಿನಲ್ಲಿ ಮೂಸಿ ಏರತೊಡಗಿತು. 1578ರಲ್ಲಿ ಕುತುಬ್‌ಶಾಹಿಗಳು ಕಟ್ಟಿದ ಪುರಾನಾಪುಲ್ ಸೇತುವೆ ನೀರಿನಲ್ಲಿ ಮುಳುಗಿಯೂ ಉಳಿಯಿತು. ಅದಕ್ಕಿಂತ ಎಷ್ಟೋ ಕಿರಿಯದಾದ ಅಫ್ಜಲ್‌ಗಂಜ್ ಸೇತುವೆ ಕೊಚ್ಚಿಹೋಯಿತು. ನದಿ ದಂಡೆಯ ಆಸ್ಪತ್ರೆ ಹೋಯಿತು. ಕೋಲ್ಸಾವಾಡಿಯಂಥ ಮೊಹಲ್ಲಾಗಳು ಮನೆಮಠ ಸಮೇತ ನೆಲಸಮವಾದವು. ಸುಮಾರು 19,000 ಮನೆಗಳು ಬಿದ್ದವು, 80,000 ಜನ ನೆಲೆ ಕಳೆದುಕೊಂಡರು. ಸತ್ತವರು 15,000 ಎಂಬುದು ಹೆಚ್ಚಾಗಿ ಉಲ್ಲೇಖವಾಗುವ ಸಂಖ್ಯೆ, ಅದಕ್ಕೂ ಬಹಳ ಹೆಚ್ಚು ಎನ್ನುವ ಬರಹಗಳೂ ಇವೆ. ಅಫ್ಜಲ್‌ಗಂಜಿನಲ್ಲಿದ್ದ ಒಂದು ಹುಣಸೆ ಮರ ಹತ್ತಿ ನೂರೈವತ್ತಕ್ಕೂ ಹೆಚ್ಚು ಜನ ಬದುಕಿದರು. ಈಗಿನ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿ ಆ ಮರ ಇನ್ನೂ ನಿಂತಿದೆ. ಸೆಪ್ಟೆಂಬರ್ 28ರಂದು ಅದರ ಕೆಳಗೆ ಜನ ಸೇರಿ ಸತ್ತವರನ್ನು ನೆನೆಯುವ ರೂಢಿಯೂ ಇದೆ.

ಉರ್ದು ರುಬಾಯಿಗಳ ದೊಡ್ಡ ಕವಿ ಅಮ್ಜದ್ ಹೈದರಾಬಾದಿ ಆಗಿನ್ನೂ ತರುಣರು. ಅವರ ತಾಯಿ, ಹೆಂಡತಿ, ಮಗಳು ಮೂವರೂ ಆ ನೀರಿನಲ್ಲಿ ಹೋದರು, ಮನೆಯಲ್ಲಿ ಉಳಿದವರು ಅವರೊಬ್ಬರೇ. ಆ ಬಗ್ಗೆ ಅವರು ಬರೆದ ಪದ್ಯಕ್ಕೆ ಕೊಟ್ಟ ಹೆಸರು 'ಕಿಯಾಮತ್-ಎ-ಸುಗ್ರಾ', ಎಂದರೆ ಕಿರು ಪ್ರಳಯ. ಸಂಖ್ಯೆಗಳ ಬಗ್ಗೆ ಜಗಳವಾಡುವ ಮೊದಲು ಈ ಒಂದು ಮನೆಯನ್ನು ನೆನೆಯುವುದು ಒಳ್ಳೆಯದು.

ಆರನೇ ನಿಜಾಮ ಮೀರ್ ಮಹಬೂಬ್ ಅಲಿ ಖಾನ್ ನದಿಯ ದಂಡೆಗೆ ಬಂದು, ಜೋಯಿಸರ ಮಾತಿನಂತೆ ಮೂಸಿಗೆ ಪೂಜೆ ಮಾಡಿ ಆರತಿ ಎತ್ತಿದ, ಆಮೇಲೆ ನೀರು ಇಳಿಯಿತು ಎಂಬ ಕಥೆಯನ್ನು ಹಳೆ ಹೈದರಾಬಾದಿನವರು ಇಂದಿಗೂ ಹೇಳುತ್ತಾರೆ. ಕಥೆ ಚೆನ್ನಾಗಿದೆ, ಈ ಊರಿನ ಗುಣವನ್ನೂ ಹೇಳುತ್ತದೆ. ಆತ ಅರಮನೆಗಳ ಬಾಗಿಲು ತೆರೆಸಿ ಜನರಿಗೆ ಆಸರೆ ಕೊಟ್ಟದ್ದು, ಊಟದ ಕೇಂದ್ರಗಳನ್ನು ನಡೆಸಿದ್ದು ಮಾತ್ರ ಕಥೆಯಲ್ಲ. ಸರೋಜಿನಿ ನಾಯ್ಡು ಅವರೂ ಪರಿಹಾರದ ಕೆಲಸಕ್ಕೆ ಇಳಿದರು, ಅದಕ್ಕೆ ಬ್ರಿಟಿಷರಿಂದ ಕೈಸರ್-ಎ-ಹಿಂದ್ ಪದಕ ಬಂತು. ಜಲಿಯನ್‌ವಾಲಾ ಬಾಗಿನ ನಂತರ ಅದನ್ನವರು ಹಿಂದಿರುಗಿಸಿದರು.

ಇಲ್ಲಿಗೆ ನಮ್ಮವರೊಬ್ಬರು ಬರುತ್ತಾರೆ. ಮುಂಬೈ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯ ಕೆಲಸ ಬಿಟ್ಟು ಯುರೋಪ್ ಪ್ರವಾಸದಲ್ಲಿದ್ದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರಿಗೆ ಹೈದರಾಬಾದ್ ಸರ್ಕಾರದ ಕರೆ ಹೋಯಿತು. 1909ರ ಏಪ್ರಿಲ್‌ನಲ್ಲಿ ಬಂದರು, ಅಕ್ಟೋಬರ್ 1ರಂದು ವರದಿ ಕೊಟ್ಟರು, ನವೆಂಬರ್‌ನಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆಗಿ ಹೋದರು. ಕನ್ನಂಬಾಡಿ ಆಮೇಲಿನದು. ನಾವು ಕನ್ನಡಿಗರು ಅವರ ಜೀವನದ ಕಥೆ ಹೇಳುವಾಗ ಹೈದರಾಬಾದಿನ ಈ ಆರೇಳು ತಿಂಗಳನ್ನು ಒಂದು ಸಾಲಿನಲ್ಲಿ ಮುಗಿಸುತ್ತೇವೆ. ನನಗೆ ಅದು ಅವರ ಅತ್ಯುತ್ತಮ ಕೆಲಸಗಳಲ್ಲಿ ಒಂದು ಎನಿಸುತ್ತದೆ, ಏಕೆಂದರೆ ಇಲ್ಲಿ ಅವರು ಅಣೆಕಟ್ಟಿಗಿಂತ ಮೊದಲು ಒಂದು ಪ್ರಶ್ನೆಯನ್ನು ಸರಿಯಾಗಿ ಕೇಳಿದರು: ಅಷ್ಟೊಂದು ನೀರು ಒಮ್ಮೆಲೇ ಎಲ್ಲಿಂದ ಬಂತು?

ಆಕಾಶದಿಂದ ಎಂಬುದು ಅರ್ಧ ಉತ್ತರ. ಊರಿನ ಮೇಲ್ಗಡೆ ಮೂಸಿಯ ಜಲಾನಯನ 862 ಚದರ ಮೈಲಿ. ಅದರಲ್ಲಿ 788 ಕೆರೆಗಳಿದ್ದವು, ಹೆಚ್ಚುಕಡಿಮೆ ಚದರ ಮೈಲಿಗೊಂದು. ದಖ್ಖನ್ನಿನ ಕೆರೆಗಳು ಸರಪಳಿಯ ಹಾಗೆ: ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ, ಅದರ ಕೋಡಿ ಅದರ ಕೆಳಗಿನದಕ್ಕೆ. ಸಾಧಾರಣ ಮಳೆಯಲ್ಲಿ ಇದಕ್ಕಿಂತ ಒಳ್ಳೆಯ ಏರ್ಪಾಡು ಇಲ್ಲ, ನೀರು ಹನಿಹನಿಯಾಗಿ ನಿಂತು ನಿಂತು ಇಳಿಯುತ್ತದೆ. ಆದರೆ ಮೇಲಿನ ಕೆರೆಯ ಏರಿ ಒಡೆದರೆ? ಅದರ ಅಷ್ಟೂ ನೀರು ಒಂದೇ ಗುಕ್ಕಿನಲ್ಲಿ ಕೆಳಗಿನ, ಆಗಲೇ ತುಂಬಿ ತುಳುಕುತ್ತಿರುವ ಕೆರೆಯ ಏರಿಗೆ ಬಂದು ಹೊಡೆಯುತ್ತದೆ. ಅದೂ ಒಡೆಯುತ್ತದೆ. 1908ರಲ್ಲಿ 788ರ ಪೈಕಿ 221 ಕೆರೆಗಳು ಒಡೆದವು. ಎಷ್ಟೋ ವರ್ಷಗಳಿಂದ ಊರಿನ ಮೇಲ್ಗಡೆ ತಡೆದಿಟ್ಟುಕೊಂಡಿದ್ದ ನೀರೆಲ್ಲ ಎರಡು ದಿನದ ಮಳೆಯ ಜೊತೆ ಸೇರಿ ಒಂದು ಬೆಳಗಿನಲ್ಲಿ ಇಳಿದು ಬಂತು. ನದಿಯಲ್ಲಿ ಹರಿದ ಗರಿಷ್ಠ ನೀರು 4,25,000 ಕ್ಯೂಸೆಕ್ ಎಂದು ಅಂದಾಜು ಮಾಡಲಾಯಿತು. ಆ ವೇಗದಲ್ಲಿ ಒಂದು ಟಿಎಂಸಿ ನೀರು ದಾಟಲು ನಲವತ್ತು ನಿಮಿಷ ಸಾಕು.

ವಿಶ್ವೇಶ್ವರಯ್ಯನವರ ಮದ್ದು ಸರಳ. ಊರಿನೊಳಗೆ ದಂಡೆಯ ಗೋಡೆ ಎತ್ತರಿಸಿ ದಂಡೆಯುದ್ದಕ್ಕೂ ರಸ್ತೆ, ತೋಟ ಮಾಡಿ ಎಂದರು, ಸರಿ. ಆದರೆ ನಿಜವಾದ ರಕ್ಷಣೆ ಊರಿನ ಮೇಲ್ಗಡೆ ಇರಬೇಕು. ಮೂಸಿಗೂ ಅದರ ಜೊತೆಗಾತಿ ಈಸಿಗೂ ಒಂದೊಂದು ಜಲಾಶಯ ಕಟ್ಟಿ, ನೆರೆಯನ್ನು ಅಲ್ಲೇ ಹಿಡಿದು, ಊರಿಗೆ ತಡೆದುಕೊಳ್ಳುವಷ್ಟು ಮಾತ್ರ ಬಿಡಬೇಕು. ಎರಡೂ ಹೊಳೆಗಳು ಕೂಡುವುದು ಲಂಗರ್ ಹೌಜ್ ಹತ್ತಿರ, ಗಾಂಧೀಜಿಯ ಚಿತಾಭಸ್ಮ ಬಿಟ್ಟ ಬಾಪು ಘಾಟ್ ಇರುವಲ್ಲಿ. ಅದಕ್ಕೂ ಮೇಲೆಯೇ ನೀರನ್ನು ಹಿಡಿಯಬೇಕಿತ್ತು. ಮಹಬೂಬ್ ಅಲಿ ಖಾನ್ 1911ರಲ್ಲಿ ತೀರಿಕೊಂಡ ಮೇಲೆ ಮಗ ಮೀರ್ ಉಸ್ಮಾನ್ ಅಲಿ ಖಾನ್ ಕಾಲದಲ್ಲಿ ಕೆಲಸ ನಡೆಯಿತು. 1920ರಲ್ಲಿ ಉಸ್ಮಾನ್ ಸಾಗರ ಮುಗಿಯಿತು, ಅದೇ ಗಂಡಿಪೇಟೆ. 1927ರಲ್ಲಿ ಹಿಮಾಯತ್ ಸಾಗರ. ನಡುವೆ 1912ರಲ್ಲಿ ನಗರ ಸುಧಾರಣಾ ಮಂಡಳಿ ಹುಟ್ಟಿತು. ನೆರೆ ಗುಡಿಸಿ ಹೋದ ದಂಡೆಗಳ ಮೇಲೆ ವಿನ್ಸೆಂಟ್ ಎಶ್ ವಿನ್ಯಾಸ ಮಾಡಿದ ಹೈಕೋರ್ಟ್, ಸಿಟಿ ಕಾಲೇಜ್, ಉಸ್ಮಾನಿಯಾ ಆಸ್ಪತ್ರೆ ಎದ್ದವು. ಇವತ್ತು ನಯಾಪುಲ್ ಮೇಲೆ ನಿಂತು ಸಂಜೆ ಫೋಟೊ ತೆಗೆಯುವವರು ನೋಡುತ್ತಿರುವುದು 1908ರ ನೆರೆ ಬಿಟ್ಟುಹೋದ ಊರನ್ನು.

ಜಲಾಶಯದ ಉದ್ದೇಶದ ಬಗ್ಗೆ ಇಲ್ಲೊಂದು ಮಾತು ಹೇಳಲೇಬೇಕು, ಏಕೆಂದರೆ ಮುಂದಿನ ಗೊಂದಲವೆಲ್ಲ ಇಲ್ಲಿಂದಲೇ ಶುರು. ನೆರೆ ತಡೆಯುವ ಜಲಾಶಯ ಖಾಲಿ ಇದ್ದಷ್ಟೂ ಉಪಯುಕ್ತ. ಕುಡಿಯುವ ನೀರಿನ ಜಲಾಶಯ ತುಂಬಿದ್ದಷ್ಟೂ ಉಪಯುಕ್ತ. ಎರಡನ್ನೂ ಒಂದೇ ಕಟ್ಟೆಯ ಹಿಂದೆ ಇಡಬಹುದು, ಆದರೆ ಪ್ರತಿ ಮಳೆಗಾಲದ ಕೊನೆಗೆ ಇಬ್ಬರು ಎಂಜಿನಿಯರುಗಳು ಜಗಳವಾಡಲೇಬೇಕು: ಒಬ್ಬರು ಗೇಟ್ ತೆಗೆಯಿರಿ ಎನ್ನುವವರು, ಇನ್ನೊಬ್ಬರು ಬೇಸಿಗೆಗೆ ಏನು ಕುಡಿಯುತ್ತೀರಿ ಎನ್ನುವವರು. ಲೆಕ್ಕ ಹಾಕಿ ನೋಡಿದೆ. 862 ಚದರ ಮೈಲಿಯ ಮೇಲೆ ಒಂದು ಅಂಗುಲ ನೀರು ನಿಂತರೆ ಎರಡು ಟಿಎಂಸಿ ಆಗುತ್ತದೆ. ಉಸ್ಮಾನ್ ಸಾಗರದ ಸಾಮರ್ಥ್ಯ 3.9 ಟಿಎಂಸಿ, ಹಿಮಾಯತ್ ಸಾಗರದ್ದು 2.97. ಎರಡೂ ತಳ ಕಾಣುವಷ್ಟು ಖಾಲಿ ಇದ್ದರೂ ಜಲಾನಯನದಿಂದ ಓಡಿ ಬರುವ ಮೂರೂವರೆ ಅಂಗುಲ ನೀರಿಗೆ ಭರ್ತಿ. ಅಕ್ಟೋಬರ್‌ನಲ್ಲಿ ತುಂಬಿಕೊಂಡೇ ಇದ್ದರೆ ಗೇಟ್ ತೆಗೆಯುವುದೊಂದೇ ದಾರಿ. ಆಗ ಜಲಾಶಯ ನೆರೆಯನ್ನು ತಡೆಯುವುದಿಲ್ಲ, ಬರೀ ಮುಂದಕ್ಕೆ ಕಳಿಸುತ್ತದೆ.

ಆದರೂ ಆ ಕಟ್ಟೆಗಳು ದುಡಿದವು. 1908ರಂಥ ನೆರೆ ಮೂಸಿಯಲ್ಲಿ ಮತ್ತೆ ಬರಲಿಲ್ಲ, ಎಪ್ಪತ್ತು ಎಂಬತ್ತು ವರ್ಷಗಳಲ್ಲಿ ಊರು ಅದನ್ನು ಮರೆಯಿತು. ಮೇಲ್ಗಡೆ ನೀರು ಹಿಡಿದಿಟ್ಟದ್ದರಿಂದ ಊರಿನೊಳಗಿನ ಮೂಸಿ ವರ್ಷದ ಬಹುಪಾಲು ಬರೀ ಕೊಳಚೆಯ ಕಾಲುವೆಯಾಯಿತು. ಖಾಲಿ ನದಿಪಾತ್ರದಲ್ಲಿ ಬಡವರು ಗುಡಿಸಲು ಹಾಕಿದರು, ಆಮೇಲೆ ಬಸ್ತಿಗಳಾದವು. ಬಡವರನ್ನಷ್ಟೇ ಯಾಕೆ ಅನ್ನಬೇಕು, 1994ರಲ್ಲಿ ಸರ್ಕಾರವೇ ಗೌಲಿಗುಡದ ಹತ್ತಿರ ನದಿಯ ನಡುಗಡ್ಡೆಯ ಮೇಲೆ ಮಹಾತ್ಮಾ ಗಾಂಧಿ ಬಸ್ ನಿಲ್ದಾಣ ತೆರೆಯಿತು. ಬೀದರ್, ಕಲಬುರಗಿ, ರಾಯಚೂರು ಬಸ್ಸಿನಲ್ಲಿ ಬಂದು ಇಳಿಯುವ ನಮ್ಮಲ್ಲಿ ಎಷ್ಟು ಜನರಿಗೆ ನಾವು ನದಿಯೊಳಗೆ ಇಳಿಯುತ್ತಿದ್ದೇವೆಂದು ಗೊತ್ತು?

ಕುಸಿತಗಳು ಮಾತ್ರ ತಮ್ಮ ದಾರಿ ಮರೆತಿರಲಿಲ್ಲ. 2000ದ ಆಗಸ್ಟ್ 24ರಂದು ಮುಗಿದ 24 ಗಂಟೆಗಳಲ್ಲಿ ಬೇಗಂಪೇಟೆಯಲ್ಲಿ 24 ಸೆಂ.ಮೀ. ಮಳೆ ಬಿತ್ತು. ಆ ಸಲ ಪೆಟ್ಟು ಬಿದ್ದದ್ದು ಮೂಸಿಯ ದಂಡೆಗಿಂತ ಹೆಚ್ಚಾಗಿ ಹುಸೇನ್ ಸಾಗರಕ್ಕೆ ನೀರು ತರುವ, ಅಲ್ಲಿಂದ ನೀರು ಒಯ್ಯುವ ನಾಲಾಗಳ ಅಕ್ಕಪಕ್ಕ. ಅಪಾಯ ನದಿಯಿಂದ ಗಲ್ಲಿಗೆ ಬಂದಿತ್ತು. ಆ ವರ್ಷ ಊರಿಗೆ ಹೈಟೆಕ್ ಸಿಟಿಯ ಹೊಸ ಹುರುಪು, ಬೇಗ ಮುಂದೆ ಹೋಯಿತು.

2020ರದು ನಮ್ಮಲ್ಲಿ ಬಹಳ ಜನ ಕಣ್ಣಾರೆ ಕಂಡದ್ದು. ಅಕ್ಟೋಬರ್ 13ರ ಬೆಳಿಗ್ಗೆ ತೀವ್ರ ವಾಯುಭಾರ ಕುಸಿತವೊಂದು ಕಾಕಿನಾಡ ಬಳಿ ಕರಾವಳಿ ದಾಟಿತು. ಚಂಡಮಾರುತದ ಮಟ್ಟಕ್ಕೆ ಅದು ಏರಲೇ ಇಲ್ಲ, ಆದ್ದರಿಂದ ಅದಕ್ಕೊಂದು ಹೆಸರೂ ಇಲ್ಲ. ಸಂಜೆಯ ಹೊತ್ತಿಗೆ ತೆಲಂಗಾಣದ ಮೇಲೆ ಬರುತ್ತಾ ಇನ್ನೂ ಒಂದು ಮೆಟ್ಟಿಲು ಇಳಿಯಿತು. ದುರ್ಬಲಗೊಂಡಿತು. ಆ ರಾತ್ರಿ ಬೇಗಂಪೇಟೆಯಲ್ಲಿ 19 ಸೆಂ.ಮೀ., ಊರಿನ ಪೂರ್ವಕ್ಕೆ ಘಟಕೇಸರದಲ್ಲಿ 32 ಸೆಂ.ಮೀ. ಮಳೆ. ಅಕ್ಟೋಬರ್ ತಿಂಗಳಲ್ಲಿ ಹೈದರಾಬಾದಿನ ಒಂದು ದಿನದ ಹಳೆಯ ದಾಖಲೆ 1903ರದು, 11.7 ಸೆಂ.ಮೀ. ಅದೆಲ್ಲೋ ಹಿಂದೆ ಉಳಿಯಿತು. ಹಿಮಾಯತ್ ಸಾಗರದ ಗೇಟುಗಳನ್ನು ರಾತ್ರೋರಾತ್ರಿ ತೆಗೆದರು. ಬಂಡ್ಲಗುಡದಲ್ಲಿ ನೆನೆದ ಗೋಡೆ ಮನೆಗಳ ಮೇಲೆ ಬಿದ್ದು ಒಂಬತ್ತು ಮಂದಿ ಸತ್ತರು, ಅವರಲ್ಲಿ ಹಸುಗೂಸೂ ಇತ್ತು. ಪಲ್ಲೆ ಚೆರುವು ಒಡೆದು ಅಲಿ ನಗರದಂಥ ಬಡಾವಣೆಗಳಿಗೆ ನುಗ್ಗಿತು.

ಆಮೇಲೆ ಮಳೆ ನಿಂತಿತು. ಕುಸಿತ ಪಶ್ಚಿಮಕ್ಕೆ ಸಾಗಿತು. ಬಿಸಿಲು ಬಂತು. ಅಪಾರ್ಟ್‌ಮೆಂಟಿನ ಸೆಲ್ಲಾರಿನಿಂದ ನಾವು ಪಂಪ್ ಹಚ್ಚಿ ನೀರು ತೆಗೆದೆವು, ಕಾರುಗಳ ಇನ್ಶೂರೆನ್ಸ್ ಫಾರಂ ತುಂಬಿದೆವು. ಅಕ್ಟೋಬರ್ 17ರ ರಾತ್ರಿ ಮತ್ತೊಮ್ಮೆ ಜೋರು ಮಳೆ, 13ರಷ್ಟಲ್ಲ. ಆದರೆ ಬಾಲಾಪುರದ ಗುರ್ರಂ ಚೆರುವು ತುಂಬಿ, ಏರಿ ನೆನೆದು ನಾಲ್ಕು ದಿನವಾಗಿತ್ತು. ಅದು ಒಡೆಯಿತು, ಹಾಫಿಜ್ ಬಾಬಾ ನಗರದ ಜನ ಮತ್ತೆ ಮಾಳಿಗೆ ಏರಿದರು. ಆ ಹೊತ್ತಿಗೆ ಕುಸಿತ ದಖ್ಖನ್ ದಾಟಿ ಅರಬ್ಬಿ ಸಮುದ್ರ ಸೇರಿಯಾಗಿತ್ತು. 1909ರ ವರದಿಯನ್ನು ಯಾರಾದರೂ ಆ ವಾರ ತೆರೆದಿದ್ದರೆ 221ರ ಸಂಖ್ಯೆಯ ಹತ್ತಿರ ಬೆರಳಿಟ್ಟು ಕೂರುತ್ತಿದ್ದರು.

ಹಾಗೆ ಪಶ್ಚಿಮಕ್ಕೆ ಸಾಗಿದ ಕುಸಿತ ಹೋದದ್ದು ನಮ್ಮೂರ ಕಡೆಗೇ. ವಿಕಾರಾಬಾದಿನ ಅನಂತಗಿರಿ ಗುಡ್ಡಗಳನ್ನು ವಾರಾಂತ್ಯದ ಟ್ರೆಕ್ಕಿಂಗಿಗೆ ನೋಡಿರುತ್ತೀರಿ. ಮೂಸಿ ಹುಟ್ಟುವುದು ಅಲ್ಲಿ. ಅದೇ ಸೀಮೆಯ ಇನ್ನೊಂದು ಇಳಿಜಾರಿನ ನೀರು ಕಾಗಿಣಾ ಆಗಿ ತಾಂಡೂರಿನ ಮೇಲಿಂದ ಸೇಡಂ ಕಡೆ ಇಳಿದು, ಭೀಮೆಯನ್ನು ಕೂಡುತ್ತದೆ. ಮೂಸಿ ಪೂರ್ವಕ್ಕೆ, ಕಾಗಿಣಾ ಪಶ್ಚಿಮಕ್ಕೆ, ಕೊನೆಗೆ ಎರಡೂ ಕೃಷ್ಣೆಗೇ. ಅಕ್ಟೋಬರ್ 14ರ ಬೆಳಿಗ್ಗೆ ನಾನು ಊರಿಗೆ ಫೋನ್ ಮಾಡುವ ಮೊದಲೇ ಅಪ್ಪನ ಫೋನು ಬಂತು. "ನಿಮ್ ಕಡಿ ಹ್ಯಾಂಗದಪಾ? ಟಿವ್ಯಾಗ ನೋಡಿದೆ" ಎಂದರು. ಇಲ್ಲಿ ನಿಂತಿದೆ, ಇನ್ನೇನು ಚಿಂತೆಯಿಲ್ಲ ಎಂದೆ. "ಅಲ್ಲಿ ನಿಂತದ ಅಂದ್ರ ಇಲ್ಲಿ ಬಂದದ" ಎಂದರು. "ಕಾಗಿಣಾ ಮಳಖೇಡ ಸೇತುವಿ ಮ್ಯಾಲಿಂದ ಹೊಂಟದ. ಸೇಡಂ ರೋಡ್ ಬಂದಾಗ್ಯದ."

ಮಳಖೇಡ ಎಂದರೆ ಮಾನ್ಯಖೇಟ. ರಾಷ್ಟ್ರಕೂಟರ ರಾಜಧಾನಿ, ಕವಿರಾಜಮಾರ್ಗದ ನೃಪತುಂಗನ ಊರು. ಕಾಚಿಗುಡದ ಕನ್ನಡ ಶಾಲೆಗೆ ಆತನ ಹೆಸರಿದೆ, ಆತನ ಕೋಟೆಯ ಪಕ್ಕದ ಹೊಳೆಗೂ ಚಾರ್ಮಿನಾರಿನ ಪಕ್ಕದ ಹೊಳೆಗೂ ಒಂದೇ ಗುಡ್ಡಸೀಮೆ. ಹಳೆಯ ಹೈದರಾಬಾದ್ ಸಂಸ್ಥಾನದಲ್ಲಿ ಕಲಬುರಗಿ, ಬೀದರ್, ರಾಯಚೂರು ಸೇರಿದ್ದವು ಎಂಬುದನ್ನು ನಾವು ರಾಜಕೀಯದ ಮಾತಾಗಿ ಓದುತ್ತೇವೆ. ಕುಸಿತಗಳು ಆ ನಕ್ಷೆಯನ್ನು ಇನ್ನೂ ಅಳಿಸಿಲ್ಲ.

ಭೀಮೆಯ ಕಥೆ ಇನ್ನೂ ನಿಧಾನದ್ದು. 14ರಂದು ಅದೇ ಕುಸಿತ ಸೊಲ್ಲಾಪುರ ಸೀಮೆಯ ಮೇಲೆ ಸುರಿಯಿತು. ಪಂಢರಪುರದಲ್ಲಿ ಚಂದ್ರಭಾಗೆಯ ದಂಡೆಯ ಘಾಟಿನ ಗೋಡೆ ಬಿದ್ದು ಆರು ಜನ ಸತ್ತರು. ಉಜನಿ ಜಲಾಶಯದಿಂದ ನೀರು ಬಿಟ್ಟರು. ಆ ನೀರು ಅಫಜಲಪುರ, ದೇವಲ ಗಾಣಗಾಪುರ, ಜೇವರ್ಗಿ ಕಡೆ ಬಂದು ತಲುಪಲು ದಿನಗಳು ಬೇಕು. ಕಲಬುರಗಿ, ಯಾದಗಿರಿ ಜಿಲ್ಲೆಗಳಲ್ಲಿ ಊರುಗಳನ್ನು ಖಾಲಿ ಮಾಡಿಸುವಾಗ ತಲೆಯ ಮೇಲೆ ಆಕಾಶ ಹೊಳೆಯುತ್ತಿತ್ತು. ಮಳೆ ಇಲ್ಲದ ದಿನ ಮನೆ ಬಿಡಿ ಎಂದರೆ ಯಾವ ರೈತ ನಂಬುತ್ತಾನೆ? ತೊಗರಿ ಹೊಲದಲ್ಲಿ ನಿಂತಿತ್ತು. ನಿಂತ ನೀರಿನಲ್ಲಿ ತೊಗರಿಯ ಬೇರು ಕೊಳೆಯಲು ವಾರ ಸಾಕು. ಆ ನಷ್ಟ ನೆರೆಯ ಹೊತ್ತಿನಲ್ಲಿ ಕಾಣುವುದೇ ಇಲ್ಲ, ಸುಗ್ಗಿಯಲ್ಲಿ ಕಾಣುತ್ತದೆ.

ಈಗ ಮತ್ತೆ ಗಂಡಿಪೇಟೆಗೆ ಬರೋಣ, ಏಕೆಂದರೆ ನಮ್ಮಲ್ಲಿ ಅನೇಕರ ಇಎಂಐ ಇರುವುದು ಅಲ್ಲಿ. 1996ರ ಮಾರ್ಚ್‌ನಲ್ಲಿ ಅಂದಿನ ಆಂಧ್ರ ಸರ್ಕಾರ 111ನೇ ಸಂಖ್ಯೆಯ ಆದೇಶ ಹೊರಡಿಸಿ, ಎರಡೂ ಜಲಾಶಯಗಳ ಸುತ್ತ 10 ಕಿ.ಮೀ. ವ್ಯಾಪ್ತಿಯ 84 ಹಳ್ಳಿಗಳಲ್ಲಿ ಕಾರ್ಖಾನೆ, ದೊಡ್ಡ ಕಟ್ಟಡಗಳಿಗೆ ತಡೆ ಹಾಕಿತು. ಕುಡಿಯುವ ನೀರು ಕೆಡಬಾರದು ಎಂಬುದು ಕಾರಣ. ನಂತರದ ವರ್ಷಗಳಲ್ಲಿ ಹೈದರಾಬಾದಿಗೆ ಮಂಜೀರಾ ನೀರಿನ ಜೊತೆಗೆ ಕೃಷ್ಣೆಯ ನೀರು ಬಂತು, ಗೋದಾವರಿಯದೂ ಬಂತು. 2022ರ ಏಪ್ರಿಲ್‌ನಲ್ಲಿ ತೆಲಂಗಾಣ ಸರ್ಕಾರ ಆ ನಿರ್ಬಂಧಗಳನ್ನು ತೆಗೆಯಿತು. ಊರು ಈಗ ಈ ಎರಡು ಜಲಾಶಯಗಳ ನೀರನ್ನು ನಂಬಿಲ್ಲ ಎಂಬುದು ಕೊಟ್ಟ ಕಾರಣಗಳಲ್ಲಿ ಮುಖ್ಯವಾದದ್ದು. ಆ ಹಳ್ಳಿಗಳ ರೈತರಿಗೆ ಇದರಲ್ಲಿ ನ್ಯಾಯವೂ ಇದೆ. ಪಕ್ಕದ ಕೋಕಾಪೇಟೆಯಲ್ಲಿ ಎಕರೆಗೆ ಹತ್ತಾರು ಕೋಟಿ ನಡೆಯುವಾಗ ಇಪ್ಪತ್ತೈದು ವರ್ಷ ಕೈಕಟ್ಟಿ ಕೂತವರು ಅವರು. ಆ ಸಿಟ್ಟನ್ನು ತಳ್ಳಿಹಾಕಲಾಗದು.

ಆದರೆ ತರ್ಕ ನೋಡಿ. ಕಟ್ಟೆ ಕಟ್ಟಿದ್ದು ನೆರೆಗೆ. ಕುಡಿಯುವ ನೀರು ಅದರ ಜೊತೆಗೆ ಸಿಕ್ಕಿದ ಲಾಭ. ನೂರು ವರ್ಷದಲ್ಲಿ ಮೊದಲ ಉದ್ದೇಶ ಮರೆತುಹೋಗಿ, ಎರಡನೆಯದೇ ಮೊದಲನೆಯದಾಯಿತು; ಈಗ ಎರಡನೆಯದು ಮುಗಿಯಿತೆಂದು ಇಡೀ ಕಡತವನ್ನೇ ಮುಚ್ಚುವ ಮಾತು ಬಂದಿದೆ. ಮೇಲ್ಗಡೆಯ ಹೊಲ, ಕುರುಚಲು, ಬಂಡೆಯ ಸಂದು ಮಳೆಯಲ್ಲಿ ಒಂದು ಪಾಲು ಕುಡಿಯುತ್ತವೆ, ಉಳಿದದ್ದನ್ನು ನಿಧಾನವಾಗಿ ಬಿಡುತ್ತವೆ. ಕಾಂಕ್ರೀಟು ಒಂದು ಹನಿ ಇಟ್ಟುಕೊಳ್ಳುವುದಿಲ್ಲ, ತಡವನ್ನೂ ಮಾಡುವುದಿಲ್ಲ. ಜಲಾಶಯದ ಸಾಮರ್ಥ್ಯ ಅಷ್ಟೇ ಇರುತ್ತದೆ, ಅದಕ್ಕೆ ಬಂದು ಸೇರುವ ನೀರಿನ ಅವಸರ ಹೆಚ್ಚುತ್ತದೆ. ಗೇಟ್ ತೆಗೆಯುವವನಿಗೆ ಯೋಚಿಸಲು ಸಿಗುವ ಗಂಟೆಗಳು ಕಡಿಮೆಯಾಗುತ್ತವೆ. ಗೇಟಿನ ಕೆಳಗೆ ಇರುವವರು ಯಾರು? ಚಾದರ್‌ಘಾಟಿನ, ಮೂಸಾನಗರದ ಬಸ್ತಿಯವರು. 2024ರಲ್ಲಿ ನದಿ ಅಭಿವೃದ್ಧಿ ಯೋಜನೆಗಾಗಿ ಅಲ್ಲಿಯ ಮನೆಗಳ ಗೋಡೆಗೆ 'ಆರ್‌ಬಿ-ಎಕ್ಸ್' ಎಂದು ಕೆಂಪು ಗುರುತು ಬಿದ್ದವು. ನದಿಪಾತ್ರದಲ್ಲಿ ಮನೆ ಇರಬಾರದು ಎಂಬುದನ್ನು ನಾನು ಒಪ್ಪುತ್ತೇನೆ. ಕೆಂಪು ಬಣ್ಣದ ಡಬ್ಬಿ ಮೇಲ್ಗಡೆಯ ಮೂವತ್ತು ಮಹಡಿಗಳ ಹತ್ತಿರ ಯಾಕೆ ಅಷ್ಟು ಉದಾರವಾಗಿ ಓಡಾಡಲಿಲ್ಲ ಎಂಬ ಪ್ರಶ್ನೆ ಉಳಿಯುತ್ತದೆ. ಆ ಮಹಡಿಗಳ ಬಾಲ್ಕನಿಯಲ್ಲಿ ಕಾಫಿ ಕುಡಿಯುವವರು ನಾವೇ, ನನ್ನ ಟೀಮಿನಲ್ಲೇ ನಾಲ್ವರಿದ್ದಾರೆ. ಬ್ರೋಷರಿನಲ್ಲಿ 'ಲೇಕ್ ವ್ಯೂ' ಎಂದು ಬರೆದಿರುತ್ತದೆ, ನೋಟ ನಿಜಕ್ಕೂ ಚೆನ್ನಾಗಿದೆ.

2025ರ ಸೆಪ್ಟೆಂಬರ್ ಕೊನೆಯ ವಾರ ಬಂಗಾಳ ಕೊಲ್ಲಿಯಲ್ಲಿ ಇನ್ನೊಂದು ಕುಸಿತ ಒಡಿಶಾ ಕರಾವಳಿಯತ್ತ ಹೊರಟಿತ್ತು. ಹೈದರಾಬಾದಿನಿಂದ ಅದು ಎಷ್ಟೋ ದೂರ. ವಿಕಾರಾಬಾದ್, ಶಂಕರಪಲ್ಲಿ ಕಡೆ ಮಳೆ ಬಿತ್ತು, ತುಂಬಿದ್ದ ಎರಡೂ ಜಲಾಶಯಗಳ ಗೇಟುಗಳನ್ನು ತೆಗೆದರು. 26ರ ರಾತ್ರಿ ಮೂಸಿ ಮಹಾತ್ಮಾ ಗಾಂಧಿ ಬಸ್ ನಿಲ್ದಾಣದೊಳಕ್ಕೆ ಬಂತು. ಹಬ್ಬಕ್ಕೆ ಊರಿಗೆ ಹೊರಟವರು ಬ್ಯಾಗು ತಲೆಯ ಮೇಲೆ ಹೊತ್ತು ನೀರಿನಲ್ಲಿ ನಿಂತಿದ್ದರು, ಅವರನ್ನು ಹೊರಗೆ ಕರೆತರಬೇಕಾಯಿತು. ಚಾದರ್‌ಘಾಟಿನ ಮನೆಗಳಿಗೂ ನೀರು ನುಗ್ಗಿತು. ಅದಾದ ತಿಂಗಳಿಗೆ, ಅಕ್ಟೋಬರ್ 28ರ ರಾತ್ರಿ, ಮೊಂಥಾ ಚಂಡಮಾರುತ ಆಂಧ್ರದ ಕರಾವಳಿ ದಾಟಿತು. ಮರುದಿನ ದುರ್ಬಲಗೊಂಡು ತೆಲಂಗಾಣಕ್ಕೆ ಬಂದು ವಾರಂಗಲ್, ಹನುಮಕೊಂಡಗಳ ಬೀದಿಗಳನ್ನು ಮುಳುಗಿಸಿತು. ಹೈದರಾಬಾದಿಗೆ ಆ ಸಲ ಅದರ ಅಂಚು ಮಾತ್ರ ತಾಗಿತು.

ಬಸ್ ನಿಲ್ದಾಣವನ್ನು ನೀರಿಳಿದ ಮೇಲೆ ಕೆಸರು ತೊಳೆದು ಮತ್ತೆ ತೆರೆದರು. ಕಲಬುರಗಿ ಬಸ್ಸುಗಳು ಅಲ್ಲಿಂದಲೇ ಹೊರಡುತ್ತವೆ.